ನೀವು ಎಬ್ಬಿಸುತ್ತಿದ್ದ ಡೇಟಾಬೇಸ್

ರುದ್ರಣ್ಣ,

ಹೇಗಿದ್ದೀರಿ ಎಂದು ಕೇಳುವ ಹಾಗಿಲ್ಲ, ಆದರೂ ಕೇಳುತ್ತಿದ್ದೇನೆ. ನೀವು ತೀರಿಹೋದ ಮೇಲೆ ನಮ್ಮ ತುಮಕೂರಿನ ಆಸ್ಪತ್ರೆಯ ಕಂಪ್ಯೂಟರ್ ವಿಭಾಗ ಅಂದರೆ ಈ ಗಿರಿಜಾ ಒಬ್ಬಳೇ. ಸರ್ವರ್ ಮೇಲೆ ನೀವು ಎಳೆದ ವಿಭೂತಿ ಗೆರೆ ಹಾಗೇ ಇದೆ. ಒರೆಸಲು ಮನಸ್ಸಾಗಿಲ್ಲ.

ನಾನು ಸೇರಿದ ಹೊಸದರಲ್ಲಿ ಯಾವುದೋ ಫೈಲ್ ಅಳಿಸಲು ಹೋದಾಗ ತಡೆದಿದ್ದಿರಿ. "ಏನಮ್ಮ ಗಿರಿಜಾ, ಮೊದ್ಲು ಲಾಗ್ ಓದು. ಅದೇನು ಹೇಳ್ತದೆ ಕೇಳ್ಸ್ಕೊ, ಆಮೇಲೆ ಕೈ ಹಾಕು." ಕಳೆದ ಸೋಮವಾರ ಡೇಟಾಬೇಸಿನ ಲಾಗ್ ಓದಿದೆ ರುದ್ರಣ್ಣ, ತಾನು ಮಾಡಿದ್ದನ್ನೆಲ್ಲ ಅದು ಬರೆದಿಡುವ ದಿನಚರಿಯನ್ನು. ಕ್ರಮವಾಗಿ ನಿಂತಿದೆ ಎಂಬುದೇ ಕೊನೆಯ ಸಾಲು. ಆಮೇಲೆ ಏನೂ ಇಲ್ಲ, ಒಂದು ತಪ್ಪಿನ ಸುದ್ದಿಯೂ ಇಲ್ಲ.

ಆವತ್ತು ಬೆಳಿಗ್ಗೆಯಷ್ಟೇ ಡೇಟಾಬೇಸ್ ಪ್ಯಾಕೇಜನ್ನು ಅಪ್‌ಡೇಟ್ ಮಾಡಿದ್ದೆ. ಮಧ್ಯಾಹ್ನ ಕರೆಂಟ್ ಹೋಯಿತು, ಯುಪಿಎಸ್ ಬ್ಯಾಟರಿ ಮುಗಿಯುತ್ತಾ ಬಂದಾಗ ಸರ್ವರ್ ತಾನೇ ಕ್ರಮವಾಗಿ ನಿಂತಿತು. ಕರೆಂಟ್ ಬಂದಾಗ ಸರ್ವರಿನ ಲಿನಕ್ಸ್ ವ್ಯವಸ್ಥೆ ಎದ್ದಿತು, ಡೇಟಾಬೇಸ್ ಏಳಲಿಲ್ಲ. ಬೆಳಗಿನ ರಕ್ತ ಪರೀಕ್ಷೆಗಳೆಲ್ಲ ಅದರೊಳಗೆ, ಬ್ಯಾಕಪ್ ಹಿಂದಿನ ದಿನದ್ದು. ಆಪರೇಷನ್‌ಗೆ ಮಲಗಿಸಿದ್ದವರ ರಿಪೋರ್ಟ್ ಕೇಳಿಕೊಂಡು ನರ್ಸ್ ಬಂದು ಬಂದು ಹೋಗುತ್ತಿದ್ದರು. ನನ್ನ ಅಪ್‌ಡೇಟೇ ಕೆಡಿಸಿತು ಎಂದುಕೊಂಡೆ. ತಾನಾಗಿ ಏಳುವುದು ಏಳಲಿಲ್ಲ ಅಂದರೆ ಕೆಟ್ಟಿದೆ ಅಂತಲೇ ಅಲ್ಲವೇ?

ಸಾಫ್ಟ್‌ವೇರ್ ಕಂಪನಿಯ ಹುಡುಗ ಫೋನಿನಲ್ಲೇ ತೀರ್ಪು ಕೊಟ್ಟ. "ಪ್ಯಾಕೇಜ್ ಕರಪ್ಟ್ ಆಗಿದೆ ಮೇಡಂ. ಡೇಟಾ ಫೋಲ್ಡರ್ ಸಮೇತ ತೆಗ್ದು ಹೊಸದಾಗಿ ಹಾಕಿ, ಬ್ಯಾಕಪ್ ತುಂಬ್ಸಿ." ಬೆಳಗಿನ ರಿಪೋರ್ಟ್‌ಗಳ ಗತಿ? "ಬ್ಲಡ್ ಮತ್ತೆ ತೆಗ್ಸಿ." ಅವನದೇನು ಹೋಗಬೇಕು, ಚುಚ್ಚಿಸಿಕೊಳ್ಳುವುದು ಅವನ ತೋಳೇ?

ಅಳಿಸುವ ಕಮಾಂಡ್ ಟೈಪ್ ಮಾಡಿದೆ. ಎಂಟರ್ ಒತ್ತಲು ಧೈರ್ಯ ಸಾಲದೆ ಗುಬ್ಬಿಗೆ, ನಿಮ್ಮ ಮನೆಗೆ ಫೋನ್ ಮಾಡಿದೆ. ಹಿಂದೆ ಹೀಗೇನಾದರೂ ಆಗಿತ್ತೇ ಎಂದು ನಿಮ್ಮ ಹೆಂಡತಿಯನ್ನು ಕೇಳುವುದು ಹುಚ್ಚುತನ, ಗೊತ್ತು. ಪಾರ್ವತಕ್ಕ ನಕ್ಕರು. "ಆ ಮೆಷಿನ್ ವಿಷ್ಯ ನಂಗೇನು ಗೊತ್ತಮ್ಮ? ಕರೆಂಟ್ ಹೋಯ್ತು ಅಂತ ವಾಚ್‌ಮನ್ ಫೋನ್ ಮಾಡಿದ್ರೆ ಸಾಕು, ತಟ್ಟೆ ಮುಂದೆ ಕೂತಿದ್ದವ್ರು ಎದ್ದು ತುಮಕೂರು ಬಸ್ ಹತ್ತೋರು. ಭಾನುವಾರನೂ ಬುಡ್ತಿರ್ಲಿಲ್ಲ. 'ನಾನು ಹೋಗಿ ಎಬ್ಬಿಸ್ದಿದ್ರೆ ಅದು ಏಳಲ್ಲ ಕಣೇ' ಅನ್ನೋರು."

ಆಗ ಹೊಳೆಯಿತು. ಅದು ಬಿದ್ದಿರಲಿಲ್ಲ ರುದ್ರಣ್ಣ, ಯಾರೂ ಎಬ್ಬಿಸಿರಲಿಲ್ಲ. ಮೆಷಿನ್ ಆನ್ ಆದಾಗ ನೀನೂ ಶುರುವಾಗು ಎಂದು ಡೇಟಾಬೇಸ್‌ಗೆ ನೀವು ಹೇಳಿಯೇ ಇರಲಿಲ್ಲ. ಟೈಪ್ ಮಾಡಿದ್ದನ್ನು ಅಳಿಸಿ, ಶುರು ಮಾಡುವ ಕಮಾಂಡ್ ಕೊಟ್ಟೆ. ಎದ್ದಿತು. ಬೆಳಗಿನ ರಿಪೋರ್ಟ್‌ಗಳು ಒಂದೂ ಬಿಡದೆ ಇದ್ದವು.

ಡಿಸ್ಕ್ ಸರಿಯಿದೆಯೇ ಎಂದು ಕಣ್ಣಾರೆ ನೋಡದೆ ಶುರು ಮಾಡಬಾರದು ಎನ್ನುವುದು ನಿಮ್ಮ ಹಟ, ಅದು ನನಗೆ ಅರ್ಥವಾಗುತ್ತದೆ. ಆದರೆ ಪಕ್ಕದಲ್ಲೇ ಕೂತಿದ್ದವಳಿಗೆ ಒಂದು ಮಾತು ಹೇಳಬಾರದಿತ್ತೇ? ನನ್ನನ್ನು ಕಳಿಸಿದ್ದರೆ ಹೋಗುತ್ತಿರಲಿಲ್ಲವೇ? ಬಿಟ್ಟೆದ್ದ ಆ ಊಟಗಳನ್ನು ನೆನೆದರೆ... ಸಿಟ್ಟು ಬಂತು, ನಿಜ. ಅಳುವೂ ಬಂತು.

ಈಗ ಮೆಷಿನ್ ಜೊತೆ ತಾನಾಗಿ ಶುರುವಾಗುವ ಆಜ್ಞೆ ಹಾಕಿದ್ದೇನೆ. ಅದಕ್ಕೆ ಮೊದಲು ಡಿಸ್ಕ್ ಪರೀಕ್ಷೆಯೂ ತಾನಾಗಿ ನಡೆಯುತ್ತದೆ. ಬೈಯುವುದಾದರೆ ಬೈಯಿರಿ.

ನಿನ್ನೆ ಭಾನುವಾರ ಮತ್ತೆ ಕರೆಂಟ್ ಹೋಯಿತು. ನಾನು ಉಪ್ಪಾರಹಳ್ಳಿಯ ಮನೆಯಲ್ಲಿದ್ದೆ. ಡೇಟಾಬೇಸ್ ಎದ್ದಿದೆ ಎಂದು ಮೊಬೈಲಿಗೆ ಮೆಸೇಜ್ ಬಂತು. ಅದರ ಹಿಂದೆಯೇ ಪಾರ್ವತಕ್ಕನ ಫೋನ್. ಗುಬ್ಬಿಯಲ್ಲೂ ಹೋಗಿತ್ತಂತೆ.

"ಎಬ್ಬಿಸಿದ್ಯಾ ಗಿರಿಜಾ?"

ನಿಜ ಹೇಳಲು ಬಾಯಿ ಬರಲಿಲ್ಲ.

"ಹೂಂ ಅಕ್ಕ, ಈಗಷ್ಟೇ ಎಬ್ಬಿಸಿ ಬಂದೆ."

"ಸದ್ಯ. ಹಂಗಾದ್ರೆ ನಾನೂ ಊಟಕ್ಕೆ ಕೂತ್ಕೋತೀನಿ ಬುಡು."