ದೊಡ್ಡವ್ವನ ಪಾರ್ಟು

ರಾಜಗೋಪಾಲನಗರ, ಬೆಂಗಳೂರು
೧೪ ಜೂನ್ ೨೦೦೮

ಪ್ರೀತಿಯ ಅವ್ವನಿಗೆ,

ನಿನ್ನ ಶಿವಗಂಗಾಳ ನಮಸ್ಕಾರಗಳು. ನಾನು ಇಲ್ಲಿ ಕ್ಷೇಮ, ನೀನೂ ಗುಳೇದಗುಡ್ಡದಲ್ಲಿ ಆರಾಮ ಇದ್ದೀ ಎಂದು ನಂಬಿದ್ದೇನೆ. ನಿನ್ನ ಎರಡು ಪತ್ರ ಬಂದು ಹದಿನೈದು ದಿನವಾದರೂ ಉತ್ತರ ಬರೆಯಲಿಲ್ಲ. ಪುರುಸೊತ್ತು ಇರಲಿಲ್ಲ ಎಂದರೆ ಅರ್ಧ ನಿಜ. ಉಳಿದ ಅರ್ಧ, ಬರೆಯುವ ಧೈರ್ಯ ಇರಲಿಲ್ಲ.

ಮೊದಲು ಸಿಹಿ ಸುದ್ದಿ. ಪಾರ್ಟು ಸಿಕ್ಕಿತು. ಸಂಗೀತ ನಾಟಕದ ರಾಣಿಯ ಪಾರ್ಟು, ಒಂಬತ್ತು ಹಾಡು. ಆದರೆ ಸಿಕ್ಕಿದ ರೀತಿ ಕೇಳಿದರೆ ನೀನು ನಗುತ್ತೀಯೋ ಬೈಯುತ್ತೀಯೋ ಗೊತ್ತಿಲ್ಲ.

ಮೊದಲ ಆಡಿಷನ್ ಭಾನುವಾರ ಇತ್ತು, ತೊಂದರೆಯಾಗಲಿಲ್ಲ. ಎರಡನೆಯದು ಬುಧವಾರ ಮಧ್ಯಾಹ್ನ, ಜಯನಗರದಲ್ಲಿ. ಹಲ್ಲುನೋವು ಎಂದು ಹೇಳಿ ಫ್ಯಾಕ್ಟರಿಯಿಂದ ಹೊರಟೆ. ಬಸ್ಸಿನಲ್ಲಿ ದುಪಟ್ಟಾದಿಂದ ಕೆನ್ನೆ ಮುಚ್ಚಿಕೊಂಡು, ಬಾಯಿ ತೆರೆಯದೆ ಷಡ್ಜ ಹಿಡಿಯುತ್ತಿದ್ದೆ. ಪಕ್ಕದ ಹೆಂಗಸು, "ತುಂಬಾ ನೋಯ್ತಾ ಇದ್ಯಾ? ಒಂದು ಲವಂಗ ಕಚ್ಕೊಳಮ್ಮ" ಎಂದರು. ಅವರು ಇಳಿಯುವವರೆಗೂ ನರಳುತ್ತಲೇ ಇದ್ದೆ.

ಮರುದಿನ ತಲೆಯಲ್ಲಿ ಹಾಡೇ ತಿರುಗುತ್ತಿತ್ತು. ಡಿಸ್ಪ್ಯಾಚ್ ಚೀಟಿ ಬರೆಯುವಾಗ, ಹೊಸೂರಿಗೆ ಹೋಗಬೇಕಾದ ವಾಲ್ವ್ ಪೆಟ್ಟಿಗೆಗಳನ್ನು ಹೊಸಪೇಟೆಗೆ ಕಳಿಸಿಬಿಟ್ಟೆ. ನಮ್ಮ ಸೆಕ್ಷನ್ ಮುಖ್ಯಸ್ಥ ಶಿವಶಂಕರ್ ಸಾರ್ ಕರೆದು, "ಇನ್ನೊಂದ್ಸಲ ಹಿಂಗಾದ್ರೆ ನನ್ ಕೈಲಿ ಏನೂ ಇರಲ್ಲಮ್ಮ. ಮನಸ್ಸು ಎಲ್ಲಿಟ್ಟಿರ್ತೀಯಾ?" ಎಂದರು. ಎಲ್ಲಿಟ್ಟಿದ್ದೆ ಎಂದು ಹೇಗೆ ಹೇಳಲಿ? ಈ ಕೆಲಸ ಹೋದರೆ ಬೆಂಗಳೂರೇ ಹೋಯಿತು, ಬೆಂಗಳೂರು ಹೋದರೆ ನಾಟಕವೂ ಹೋಯಿತು. ಅಂದಿನಿಂದ ಒಂದೊಂದು ಚೀಟಿಯನ್ನೂ ಮೂರು ಸಲ ಓದುತ್ತೇನೆ.

ಕೊನೆಯ ಆಯ್ಕೆಗೆ ಮೂರು ದಿನ ಬೆಳಗಿನಿಂದ ಸಂಜೆಯವರೆಗೆ ಇರಬೇಕಿತ್ತು. ನನ್ನ ರಜೆಯೆಲ್ಲ ಮುಗಿದಿತ್ತು. ಆ ರಜೆ ಹೇಗೆ ಸಿಕ್ಕಿತೆಂದು ಕೊನೆಗೆ ಬರೆಯುತ್ತೇನೆ. ಮೂರು ದಿನವೂ ಗೆಳತಿ ಸವಿತಾಳ ಜಯನಗರದ ರೂಮಿನಲ್ಲಿದ್ದೆ. ಹಾರ್ಮೋನಿಯಂ ಮಾಸ್ತರರು ನಿನ್ನ ಶ್ರುತಿಯನ್ನೇ ಕೊಟ್ಟರು, ಕರಿ ನಾಲ್ಕು. ಹಾಡು ಮುಗಿದ ಮೇಲೆ ನಿರ್ದೇಶಕಿ ಕೇಳಿದರು, "ಯಾರ ಹತ್ರ ಕಲ್ತಿದ್ದು?" "ನಮ್ಮ ಅವ್ವನ ಹತ್ರ. ಹದಿನೆಂಟು ವರ್ಷ ನಾಟಕ ಕಂಪನಿಯಲ್ಲಿದ್ದರು" ಎಂದೆ. "ಹಾಗಾದ್ರೆ ಮೊದಲನೇ ಷೋಗೆ ಅವರನ್ನ ಕರ್ಕೊಂಡೇ ಬರ್ಬೇಕು" ಎಂದರು. ನನಗೆ ಅಳು ಬಂತು. ಅವರು ಸಂತೋಷಕ್ಕೆ ಎಂದುಕೊಂಡರು.

ಅವ್ವ, ಕಂಪನಿಯ ದಿನಗಳು ನೆನಪಿವೆಯೇ? ನಾಯಕಿಗೆ ಮಗಳಿದ್ದಾಳೆ ಎಂದು ಗೊತ್ತಾದರೆ ಜನ ಬರುವುದಿಲ್ಲ ಎಂದು ಮಾಲೀಕರು ಹೇಳಿದ್ದರು. "ಹೊರಗ ಮಂದಿ ಇದ್ರ ನನ್ನ ಅಕ್ಕಾ ಅನ್ನವ್ವ. ಬಣ್ಣದ ಖೋಲ್ಯಾಗ ಬೇಕಾದಷ್ಟು ಅವ್ವಾ ಅನ್ನು" ಎಂದು ನೀನು ನನಗೆ ಕಲಿಸಿದ್ದೆ. ಇದನ್ನು ಹಿಡಿದು ನಿನ್ನೊಡನೆ ಎಷ್ಟು ಜಗಳವಾಡಿದ್ದೇನೆ. ನೀನು ಒಮ್ಮೆಯೂ ಎದುರಾಡಲಿಲ್ಲ.

ಈಗ ತಾಲೀಮು ದಿನಾ ಸಂಜೆ ಇದೆ. ಒಂದು ಗಂಟೆ ಮೊದಲು ಬಿಡಲು ಶಿವಶಂಕರ್ ಸಾರ್ ಒಪ್ಪಿದ್ದಾರೆ. ಈಚೆಗೆ ನನ್ನ ಮೇಲೆ ಅವರಿಗೆ ತುಂಬ ಕನಿಕರ. ಮೊದಲ ಷೋಗೆ ಸೆಕ್ಷನ್ನಿನವರೆಲ್ಲ ಬರುತ್ತಾರಂತೆ, ನಮ್ಮ ಮನೆ ಓನರ್ ಕೃಷ್ಣಮ್ಮನೂ ಬರುತ್ತಾರೆ. ನೀನೂ ಬರೆದಿದ್ದೀ, "ಪಾರ್ಟು ಸಿಕ್ರ ನಾ ಬಂದ ಬರ್ತೀನಿ, ಮುಂದಿನ ಸಾಲಿನ್ಯಾಗ ಕುಂದರ್ತೀನಿ" ಎಂದು. ಆ ಸಾಲನ್ನು ಓದಿದಾಗಿನಿಂದ ನನಗೆ ಊಟ ಸೇರುತ್ತಿಲ್ಲ.

ಮಂಡಿನೋವಿಗೆ ಎಣ್ಣೆ ಹಚ್ಚುವುದನ್ನು ಬಿಡಬೇಡ. ನನ್ನ ತಲೆಯ ಮೇಲೆ ನಿನ್ನ ಕೈ ಇರಲಿ.

ನಿನ್ನ ಮಗಳು,
ಶಿವಗಂಗಾ

ತಾ.ಕ.: ಮೂರು ದಿನದ ರಜೆಗೆ ಫ್ಯಾಕ್ಟರಿಯಲ್ಲಿ ಒಂದೇ ದಾರಿ ಉಳಿದಿತ್ತು, ತಂದೆ ಅಥವಾ ತಾಯಿ ತೀರಿಕೊಂಡಿರಬೇಕು. ಅಪ್ಪನ ರಜೆಯನ್ನು ಅಪ್ಪ ಹೋದಾಗಲೇ ತೆಗೆದುಕೊಂಡಿದ್ದೆ. ಅರ್ಜಿಯಲ್ಲಿ ನಿನ್ನ ಹೆಸರು ಬರೆದೆ, ಅವ್ವ. ಮನೆಯಲ್ಲಿ ಕೃಷ್ಣಮ್ಮನಿಗೂ ಅದನ್ನೇ ಹೇಳಿ, ಊರಿಗೆ ಹೋಗುವವಳಂತೆ ಹೊರಟೆ. ಹನ್ನೊಂದನೇ ದಿನ ಕೃಷ್ಣಮ್ಮ, "ತಾಯಿ ಇಲ್ದ ಮಗಾ, ಉಣ್ಣವ್ವ" ಎಂದು ನಿನ್ನ ಹೆಸರಿನಲ್ಲಿ ಎಡೆ ಇಟ್ಟು ಬಡಿಸಿದರು. ನಾನು ಉಂಡೆ. ಬರಬೇಡ ಎಂದು ಬರೆಯಲು ನಾಲ್ಕು ಸಲ ಕುಳಿತೆ, ಕೈ ಬರಲಿಲ್ಲ. ನೀನು ಬಾ. ಬಣ್ಣದ ಕೋಣೆಯಲ್ಲಿ ನೀನು ನನ್ನ ಅವ್ವ. ಹೊರಗೆ ಜನರೆದುರು ನಾನು "ದೊಡ್ಡವ್ವಾ" ಎಂದು ಕರೆದರೆ, ಓಗೊಡು.