ಅರ್ಧ ಸೌಟು

ದೊಡ್ಡ ಮೇಡಂ ಅವರಿಗೆ, ಶಾಲೆಯ ಅಡುಗೆಯವಳ ನಮಸ್ಕಾರ.

ನಿಮ್ಮ ಜ್ವರ ಇಳಿದಿದೆ ಅಂತ ಜವಾನರು ಹೇಳಿದರು, ಸಮಾಧಾನವಾಯಿತು.

ಈ ರೋಗ ಬಂದು ಶಾಲೆ ಮುಚ್ಚಿದಾಗಿನಿಂದ ನನಗೆ ಕೂತಲ್ಲಿ ಕೂರಲಾಗುತ್ತಿಲ್ಲ. ಮಕ್ಕಳ ಮನೆಗೆ ಅಕ್ಕಿ, ಬೇಳೆ ಹಂಚಿದ್ದೇವಲ್ಲ ಅಂತ ಸುಮ್ಮನಿದ್ದೆ. ಸೋಮವಾರ ಇಸ್ತ್ರಿಯವಳ ಮಗಳು ದಾರಿಯಲ್ಲಿ ಸಿಕ್ಕಿದಳು. ದಿನಾ ಮಧ್ಯಾಹ್ನದ ಊಟಕ್ಕೆ ಮೂರು ಸಲ ತಟ್ಟೆ ಚಾಚುತ್ತಿದ್ದಳಲ್ಲ, ಅವಳೇ. ಲಂಗ ಸೊಂಟದಲ್ಲಿ ನಿಲ್ಲದೆ ಪಿನ್ನು ಹಾಕಿಕೊಂಡಿದ್ದಳು.

"ಏನು ತಿಂದೆ ಮಗಾ?" ಅಂದೆ.

"ಟೀ, ಬಿಸ್ಕತ್ತು."

"ನಿನ್ನೆ?"

"ಅದೇ, ಅಜ್ಜಿ. ಮನೇಲಿ ಏಳು ಜನ, ಯಾರಿಗೂ ಕೆಲಸ ಇಲ್ಲ. ಅಕ್ಕಿ ಹತ್ತೇ ದಿನಕ್ಕೆ ಮುಗೀತು."

ಅಡುಗೆಮನೆ ತೆರೆಯಲು ನಿಮ್ಮ ಅಪ್ಪಣೆ ಕೇಳೋಣ ಅಂತಲೇ ಕಾಗದ ತೆಗೆದುಕೊಂಡೆ. ಸುಳ್ಳು ಯಾಕೆ ಹೇಳಲಿ, ಮಂಗಳವಾರವೇ ಬೀಗ ತೆಗೆದೆ. ಉಳಿದಿದ್ದ ಅಕ್ಕಿ, ಬೇಳೆಗೆ ಹಿತ್ತಲಿನ ಸೊಪ್ಪು ಹಾಕಿ ಬೇಯಿಸಿ, ಮುಖಕ್ಕೆ ಬಟ್ಟೆ ಕಟ್ಟಿಕೊಂಡು ಕಿಟಕಿಯಿಂದಲೇ ಬಡಿಸುತ್ತಿದ್ದೇನೆ. ಮೊದಲ ದಿನ ಆ ಹುಡುಗಿ ಅರ್ಧ ಸೌಟಿಗೇ ಸಾಕು ಅಂದಳು. ಹೊಟ್ಟೆ ಅಷ್ಟು ಸಣ್ಣಗಾಗಿದೆ ಮೇಡಂ.

ಅವತ್ತು ಒಂಬತ್ತು ಮಕ್ಕಳು ಬಂದಿದ್ದರು, ಇವತ್ತು ನಲವತ್ತೊಂದು. ದೂರ ದೂರ ನಿಲ್ಲಿಸಲು ಜವಾನರೇ ಬರುತ್ತಾರೆ, ಅವರನ್ನು ಏನೂ ಅನ್ನಬೇಡಿ. ಅಕ್ಕಿ ಬರುವ ಸೋಮವಾರದವರೆಗೆ ಸಾಕಾಗುತ್ತದೆ, ಬೇಳೆ ಅಷ್ಟು ದಿನವೂ ಬರುವುದಿಲ್ಲ. ಮೊಟ್ಟೆಯವನು ನಿಮ್ಮ ಚೀಟಿ ಇಲ್ಲದೆ ಕೊಡುವುದಿಲ್ಲವಂತೆ.

ನನ್ನ ವಿಚಾರಣೆ ನೀವು ಪೂರ್ತಿ ಹುಷಾರಾದ ಮೇಲೆ ನಿಧಾನವಾಗಿ ಮಾಡಿ. ಚೀಟಿಯನ್ನು ಮಾತ್ರ ಈ ಪತ್ರ ತಂದವರ ಕೈಯಲ್ಲೇ ಕಳಿಸಿ.

ಒಲೆಯ ಮೇಲೆ ಎಸರಿಟ್ಟು ಇದನ್ನು ಬರೆಯುತ್ತಿರುವ,
ನಿಮ್ಮ ಅಡುಗೆಯವಳು