ಎಲೆಯಿಂದ ಎಬ್ಬಿಸಿದ ಮೇಲೆ

ಚಂದ್ರಾ ಲೇಔಟ್, ಬೆಂಗಳೂರು
28 ನವೆಂಬರ್ 2024, ಗುರುವಾರ

ಪ್ರೀತಿಯ ಅಮ್ಮಾ, ಶರಣು.

ಮಂಡಿ ನೋವು ಹೇಗಿದೆ? ಹೋದ ತಿಂಗಳು ಕಳಿಸಿದ ಎಣ್ಣೆ ಹಚ್ಚಿಕೊಳ್ಳುತ್ತಿದ್ದೀಯಾ, ಇಲ್ಲಾ ವಾಸನೆ ಅಂತ ಬಚ್ಚಲಿನ ಕಿಟಕಿಯಲ್ಲಿ ಕೂರಿಸಿದ್ದೀಯಾ? ಕಿವಿಯ ಮಷೀನು ಡಬ್ಬಿ ಬಿಟ್ಟು ಹೊರಗೆ ಬಂದೇ ಇಲ್ಲ ಅಂತ ಚನ್ನ ಹೇಳಿದ. ನಿನ್ನ ಆ ಹಟದಿಂದಲೇ ನಾನು ಈ ಕಾಲದಲ್ಲೂ ಪೆನ್ನು ಹಿಡಿದು ಕೂತಿದ್ದೇನೆ ನೋಡು. ಫೋನಿನಲ್ಲಿ ನಿನ್ನ ಜೊತೆ ಮಾತಾಡಿದರೆ ನಮ್ಮ ಬೀದಿಗೆಲ್ಲ ಕೇಳುತ್ತದೆ, ರಾಣೆಬೆನ್ನೂರಿನ ನಿಮ್ಮ ವಠಾರಕ್ಕೆಲ್ಲ ಕೇಳುತ್ತದೆ, ನಿನಗೊಬ್ಬಳಿಗೆ ಮಾತ್ರ ಕೇಳುವುದಿಲ್ಲ. ಇದು ಕೂಗಿ ಹೇಳುವ ವಿಷಯವಲ್ಲ. ಚನ್ನನ ಹೆಂಡತಿಯ ಕೈಲಿ ಓದಿಸಬೇಡ. ಕನ್ನಡಕ ಹಾಕಿಕೊಂಡು ನೀನೇ ಓದು, ಓದಿ ಆದಮೇಲೆ ಹಾಸಿಗೆ ಕೆಳಗೆ ಇಡು.

ಮೇಧಾಳ ಮದುವೆ ಚೆನ್ನಾಗಿ ಆಯಿತು. ಮೈದುನನಿಗೆ ಇರುವವಳು ಒಬ್ಬಳೇ ಮಗಳು, ಹಾಗಾಗಿ ವಿಜಯನಗರದಲ್ಲೇ ದೊಡ್ಡ ಮಂಟಪ ಹಿಡಿದಿದ್ದ. ಹೂವಿನ ಅಲಂಕಾರ ನೋಡಿದ್ದರೆ ನೀನು ಈ ದುಡ್ಡಿಗೆ ಒಂದು ಮನೆ ಕಟ್ಟಬಹುದಿತ್ತು ಅನ್ನುತ್ತಿದ್ದೆ. ಹುಡುಗಿಯ ದೊಡ್ಡಮ್ಮ ಅಂತ ನನಗೆ ಕೊಟ್ಟ ಕೆಲಸ ಊಟದ ಮನೆಯ ಉಪಚಾರ. ಪಂಕ್ತಿಯ ಉದ್ದಕ್ಕೂ ಓಡಾಡುತ್ತಾ ನಿಧಾನಕ್ಕೆ ಊಟ ಮಾಡಿ, ನಾಚಿಕೊಳ್ಳಬೇಡಿ, ಇನ್ನೊಂದು ಹೋಳಿಗೆ ಹಾಕಿಸಿಕೊಳ್ಳಿ ಅನ್ನುತ್ತಿರಬೇಕು. ನೀನು ಬರಲಿಲ್ಲ ಅಂತ ನಿನ್ನ ಅಳಿಯ ಬೇಜಾರು ಮಾಡಿಕೊಂಡರು. ಮಂಡಿ ನೋವು ಅಂತ ನಾನು ಎಲ್ಲರಿಗೂ ಹೇಳಿದೆ. ನಿನ್ನ ಮಂಡಿ ಮದುವೆಗಳಿಗೆ ಮಾತ್ರ ನೋಯುತ್ತದೆ ಅನ್ನುವುದು ನನಗೆ ಗೊತ್ತಿಲ್ಲವೇ ಅಮ್ಮಾ? ನನ್ನ ಮದುವೆಯಲ್ಲೂ ನೀನು ಎಲೆ ಮುಂದೆ ಕೂರಲಿಲ್ಲ. ಕೆಲಸವಿದೆ ಅಂತ ಓಡಾಡಿ, ಸಾಯಂಕಾಲ ಮನೆಗೆ ಬಂದು ಮೊಸರನ್ನ ಕಲಸಿಕೊಂಡೆ.

ಎದ್ದು ಹೋಗಿ ಬಂದೆ. ಕುಕ್ಕರ್ ಎಷ್ಟು ಸಲ ಕೂಗಿತೋ ಲೆಕ್ಕ ತಪ್ಪಿತು. ಈಗೀಗ ಹೀಗೇ ಆಗುತ್ತಿದೆ. ಒಗೆದ ಬಟ್ಟೆ ಮಡಚಿ ಇಡುತ್ತೇನೆ, ಮತ್ತೆ ಬಿಡಿಸಿ ಮಡಚುತ್ತೇನೆ. ತಾರಸಿಗೆ ಹೋಗುತ್ತೇನೆ, ಯಾಕೆ ಬಂದೆ ಅಂತ ನೆನಪಾಗದೆ ಇಳಿದು ಬರುತ್ತೇನೆ. ಮದುವೆಯಾಗಿ ಹನ್ನೊಂದು ದಿನವಾಯಿತು, ನನ್ನ ಕಾಲು ಒಂದು ಕಡೆ ನಿಲ್ಲುತ್ತಿಲ್ಲ.

ಎರಡನೇ ಪಂಕ್ತಿಯಲ್ಲಿ ಒಬ್ಬ ಹೆಂಗಸು ಮಗಳನ್ನು ಪಕ್ಕದಲ್ಲಿ ಕೂರಿಸಿಕೊಂಡು ಊಟ ಮಾಡುತ್ತಿದ್ದಳು. ಹಳೇ ರೇಷ್ಮೆ ಸೀರೆ, ಅಂಚು ಸವೆದಿತ್ತು, ಆದರೆ ನೆರಿಗೆ ಒಂದೂ ಆಚೀಚೆ ಆಗಿರಲಿಲ್ಲ. ಹುಡುಗಿಗೆ ಎಂಟೋ ಒಂಬತ್ತೋ ಇರಬೇಕು. ಪಲ್ಯ, ಕೋಸಂಬರಿ ಯಾವುದನ್ನೂ ಮುಟ್ಟದೆ ಮೊದಲು ಅನ್ನ ಪೂರ್ತಿ ಖಾಲಿ ಮಾಡುತ್ತಿದ್ದಳು. ಹೊಟ್ಟೆ ತುಂಬಿದ ಮಕ್ಕಳು ಮದುವೆ ಮನೆಯಲ್ಲಿ ಅನ್ನಕ್ಕೆ ಕೈ ಹಾಕುವುದೇ ಇಲ್ಲ, ಅದು ನಿನಗೂ ಗೊತ್ತು ನನಗೂ ಗೊತ್ತು. ನಮ್ಮ ಕಡೆಯ ಒಬ್ಬ ಹೆಂಗಸು ಆ ಎಲೆಯ ಹತ್ತಿರ ನಿಂತು, ನೀವು ಯಾರ ಕಡೆಯವರು ಅಂತ ಸುಮ್ಮನೆ ಉಪಚಾರಕ್ಕೆ ಕೇಳಿದಳು. ಎಲೆ ಮುಂದೆ ಕೂತವಳು ನಕ್ಕು, "ನೀವು ಹುಡುಗಿ ಕಡೆಯವ್ರಾ?" ಅಂತ ತಿರುಗಿ ಕೇಳಿದಳು. ಇವಳು ಹೌದು ಅಂದಮೇಲೆ, "ನಾವು ಗಂಡಿನ ಕಡೆ" ಅಂದಳು.

ಅಮ್ಮಾ, ಅದು ನಿನ್ನ ಮಾತು. ಮೊದಲು ಅವರು ಯಾರ ಕಡೆ ಅಂತ ಕೇಳಿಕೊಳ್ಳಬೇಕು, ಆಮೇಲೆ ಇನ್ನೊಂದು ಕಡೆ ಅನ್ನಬೇಕು. ಹೆಣ್ಣಿನ ಕಡೆಯವರಿಗೆ ಗಂಡಿನ ಕಡೆಯ ನೆಂಟರೆಲ್ಲ ಗೊತ್ತಿರುವುದಿಲ್ಲ, ಅವರಿಗೆ ಇವರು ಗೊತ್ತಿರುವುದಿಲ್ಲ.

ಆದರೆ ಅವಳ ಅದೃಷ್ಟ ನೋಡು, ಗಂಡಿನ ಚಿಕ್ಕಮ್ಮ ಶೈಲಾ ನೀರಿನ ಜಗ್ಗು ಹಿಡಿದು ಎರಡು ಎಲೆ ಆಚೆಗೇ ಇದ್ದರು. ನಮ್ಮ ಕಡೆಯವಳು, "ಶೈಲಾ ಅವರೇ, ಇವರು ನಿಮ್ಮವರಂತೆ, ನಿಮಗೆ ಗೊತ್ತಾ?" ಅಂತ ಕೂಗಿದಳು. ಶೈಲಾ ಬಂದು ನೋಡಿ, ಇಲ್ಲವಲ್ಲ ಅಂದರು. ಅಷ್ಟೇ. ಮೈದುನ ಬಂದ, ಅಡುಗೆ ಕಂಟ್ರಾಕ್ಟರ್ ನಂಜುಂಡಪ್ಪನ ಹುಡುಗರು ಬಂದರು. ಯಾರೂ ಕೈ ಮಾಡಲಿಲ್ಲ. ಬೈಯಲೂ ಇಲ್ಲ. "ಏಳಮ್ಮ, ಎದ್ದೇಳು" ಅಂದರು, ಅಷ್ಟೇ. ಅವಳು ಎಲೆಯನ್ನು ತನ್ನ ಕಡೆಗೆ ಮಡಚಿದಳು. ಊಟ ಮುಗಿದವರು ಮಡಚುತ್ತಾರಲ್ಲ, ಹಾಗೇ. ಮಗಳ ಕೈಯಲ್ಲಿ ಅರ್ಧ ಹೋಳಿಗೆ ಇತ್ತು. ಅದನ್ನು ಎಲೆಗೆ ಹಾಕಬೇಕೋ ತಿನ್ನಬೇಕೋ ಆ ಮಗುವಿಗೆ ತಿಳಿಯಲಿಲ್ಲ, ಅಮ್ಮನ ಮುಖ ನೋಡುತ್ತಿತ್ತು. ಅವಳು ಅದನ್ನು ತೆಗೆದು ಎಲೆಯೊಳಗೆ ಇಟ್ಟು, ಸೆರಗಿನಿಂದ ಮಗಳ ಬೆರಳು ಒರೆಸಿದಳು. ಅಡುಗೆಮನೆ ಬಾಗಿಲಿಂದ ಹೊರಗೆ ಕಳಿಸಿದರು. ಪಂಕ್ತಿಯಲ್ಲಿದ್ದವರು ಒಂದು ನಿಮಿಷ ಕೈ ನಿಲ್ಲಿಸಿದ್ದರು, ಆಮೇಲೆ ಸಾರು ಬಂತು.

ಎಲೆ ಮುಂದೆ ಕೂತವರನ್ನು ಎಬ್ಬಿಸುವಷ್ಟು ಕೆಟ್ಟವರು ನಮ್ಮ ವಂಶದಲ್ಲಿ ಯಾರೂ ಇರಲಿಲ್ಲ ಅಂತ ಅಪ್ಪ ಹೇಳುತ್ತಿದ್ದರಲ್ಲ. ಆ ಕೂಗಿದವಳ ನಾಲಿಗೆಗೆ ಏನು ಬಂದಿತ್ತೋ.

ಸಾಯಂಕಾಲ ಮನೆಯಲ್ಲಿ ಇದೇ ಮಾತು. ಮೈದುನ ಹೇಳಿದ, ಕಳ್ಳತನ ಅಂದರೆ ಕಳ್ಳತನ ಅತ್ತಿಗೆ, ಇವತ್ತು ಊಟ ನಾಳೆ ಒಡವೆ. ನಿನ್ನ ಅಳಿಯ ಮಾತ್ರ ಹಸಿದವರಿಗೆ ಬೇರೆ ಕಾನೂನು ಇರಬೇಕು ಕಣೋ ಅಂದರು. ಅವನು ಒಪ್ಪಲಿಲ್ಲ. ಕೇಳಿದ್ದರೆ ನಾನೇ ಕೊಡುತ್ತಿದ್ದೆ, ಕೇಳದೆ ಬಂದು ಕೂತಿದ್ದು ತಪ್ಪು ಅಂದ. ಅವನದು ಕೆಟ್ಟ ಮನಸ್ಸಲ್ಲ, ಅದನ್ನೂ ಹೇಳಬೇಕು. ಮಧ್ಯಾಹ್ನ ಮೂರಕ್ಕೆ ಅನ್ನ, ಸಾರು, ಇನ್ನೂರಕ್ಕೂ ಹೆಚ್ಚು ಹೋಳಿಗೆ ಉಳಿದಿತ್ತು. ಅವನೇ ನಿಂತು ಎಲ್ಲವನ್ನೂ ಟೆಂಪೋಗೆ ತುಂಬಿಸಿ ಕೆಂಗೇರಿ ಕಡೆಯ ಒಂದು ಆಶ್ರಮಕ್ಕೆ ಕಳಿಸಿದ. ಎಲ್ಲರೂ ಒಳ್ಳೆಯ ಕೆಲಸ ಅಂದರು. ನಾನು ಟೆಂಪೋ ಹೋಗುವುದನ್ನೇ ನೋಡುತ್ತಾ ನಿಂತಿದ್ದೆ. ಅದೇ ಹೋಳಿಗೆ ಮೂರು ಗಂಟೆಗೆ ಕೊಟ್ಟರೆ ಪುಣ್ಯ, ಒಂದು ಗಂಟೆಗೆ ಒಂದು ಮಗು ಕೂತು ತಿಂದರೆ ಕಳ್ಳತನ. ಇದು ನನಗೆ ಎಷ್ಟು ಯೋಚಿಸಿದರೂ ಅರ್ಥವಾಗುತ್ತಿಲ್ಲ. ಕೇಳಿದ್ದರೆ ಕೊಡುತ್ತಿದ್ದೆ ಅನ್ನುವುದು ಸುಲಭ. ಒಳ್ಳೆ ಸೀರೆ ಉಟ್ಟ ಹೆಂಗಸು ಬಾಗಿಲಲ್ಲಿ ನಿಂತು ಹಸಿವು ಅಂದರೆ ಯಾರು ನಂಬುತ್ತಾರೆ?

ನಾವಿಬ್ಬರೂ ಈ ಮಾತು ಯಾವತ್ತೂ ಆಡಿಲ್ಲ. ಮೂವತ್ತೈದು ವರ್ಷವಾಯಿತು. ಇವತ್ತು ಆಡುತ್ತೇನೆ, ಕೋಪ ಮಾಡಿಕೊಳ್ಳಬೇಡ. ಅಪ್ಪನ ಕಾರ್ಖಾನೆಗೆ ಬೀಗ ಬಿದ್ದ ವರ್ಷ ನಾವು ರಾಜಾಜಿನಗರದಲ್ಲಿದ್ದೆವು. ಚನ್ನ ಆಗ ಕೈಗೂಸು. ಮನೆಯಲ್ಲಿ ರಾಗಿ ಗಂಜಿ, ಅದೂ ಒಂದು ಹೊತ್ತು. ಯಾರ ಮನೆಯಲ್ಲೂ ಕೈ ಚಾಚಬಾರದು ಅಂತ ಅಪ್ಪ ಹೇಳಿದ್ದರು. ನೀನು ಚನ್ನನನ್ನು ಅಪ್ಪನ ತೊಡೆಯ ಮೇಲೆ ಮಲಗಿಸಿ, ನಿನ್ನ ಒಂದೇ ಒಂದು ನೇರಳೆ ರೇಷ್ಮೆ ಸೀರೆ ಉಟ್ಟು, ನನಗೆ ಎರಡು ಜಡೆ ಹಾಕಿ, ನೆಂಟರ ಮದುವೆ ಅಂತ ಹೊರಡುತ್ತಿದ್ದೆ. ನಾನು ಸ್ಕೂಲಿನಲ್ಲಿ ಜಂಬ ಕೊಚ್ಚುತ್ತಿದ್ದೆ, ಇಡೀ ರಾಜಾಜಿನಗರದಲ್ಲಿ ನಮಗಿರುವಷ್ಟು ನೆಂಟರು ಯಾರಿಗೂ ಇಲ್ಲ ಅಂತ. ಯಾರ ಮದುವೆ ಅಂತ ಅಪ್ಪ ಮೊದಮೊದಲು ಕೇಳುತ್ತಿದ್ದರು. ಆಮೇಲೆ ಕೇಳುವುದನ್ನು ಬಿಟ್ಟರು. ಒಂದು ಮಾತ್ರ ನೆನಪಿದೆ. ಎಷ್ಟೇ ಹಸಿವಾದರೂ ನೀನು ಮೊದಲು ವೇದಿಕೆ ಹತ್ತಿ ವಧೂವರರಿಗೆ ಅಕ್ಷತೆ ಹಾಕದೆ ನನ್ನನ್ನು ಊಟಕ್ಕೆ ಕೂರಿಸುತ್ತಿರಲಿಲ್ಲ. "ಹರಸಿ ಆಮೇಲೆ ಉಣ್ಣೋಣ ಕಣೇ" ಅನ್ನುತ್ತಿದ್ದೆ. ಆ ಅಕ್ಷತೆಯಿಂದ ಊಟ ನಮ್ಮದಾಗುತ್ತದೆ ಅಂದುಕೊಂಡಿದ್ದೆಯಾ ಅಮ್ಮಾ? ಇಲ್ಲಾ ನಿನಗೂ ಒಳಗೆ ಹೆದರಿಕೆ ಇತ್ತಾ?

ಕೊನೆಯ ಮದುವೆ ನಿನಗೂ ಮರೆತಿರುವುದಿಲ್ಲ. ಒಬ್ಬರು ಅಜ್ಜಿ ಕೋಲು ಊರಿಕೊಂಡು ಪಂಕ್ತಿ ನೋಡುತ್ತಾ ಬಂದು ನಮ್ಮೆದುರು ನಿಂತರು. "ಯಾರ ಪೈಕಿಯಮ್ಮಾ ನೀವು?" ಅಂದರು. ಆವತ್ತು ನಿನ್ನ ಬಾಯಿಂದ ಮಾತೇ ಬರಲಿಲ್ಲ. ನಾನೇ, ಒಂಬತ್ತು ವರ್ಷದವಳು, ನಾವು ಗಂಡಿನ ಕಡೆ ಅಜ್ಜಿ ಅಂದೆ. ಅವರು ನಿನ್ನ ಸೀರೆಯನ್ನು ನೋಡಿದರು, ನನ್ನ ಎಲೆಯನ್ನು ನೋಡಿದರು. ಅಷ್ಟರಲ್ಲಿ ಹಿಂದಿನಿಂದ ಯಾರೋ, ಅಜ್ಜಿ ಯಾರಿವರು ಅಂದರು. "ನಮ್ಮವರೇ ಕಣೋ" ಅಂದರು ಅಜ್ಜಿ. ಮಗುವಿಗೆ ಇನ್ನೊಂದು ಹೋಳಿಗೆ ಹಾಕು, ತುಪ್ಪ ಜಾಸ್ತಿ ಹಾಕು ಅಂದರು. ಹೊರಗೆ ಬಂದಮೇಲೆ ಯಾರೋ ಹೇಳಿದರು, ಅವರು ಗಂಡಿನ ಸ್ವಂತ ಅಜ್ಜಿ. ದಾರಿಯುದ್ದಕ್ಕೂ ನೀನು ಅತ್ತೆ. ಅವತ್ತಿನಿಂದ ಇವತ್ತಿನವರೆಗೆ ಮದುವೆ ಮನೆಯಲ್ಲಿ ಒಂದು ತುತ್ತು ತಿಂದಿಲ್ಲ.

ಅದು ತಪ್ಪಾಗಿತ್ತಾ ಅಮ್ಮಾ? ಮೈದುನನ ಮಾತಿಗೆ ಉತ್ತರ ಕೊಡಲು ಕೇಳುತ್ತಿಲ್ಲ. ನೀನು ಮೂವತ್ತೈದು ವರ್ಷದಿಂದ ನಿನಗೇ ಶಿಕ್ಷೆ ಕೊಟ್ಟುಕೊಂಡಿದ್ದೀಯ ಅಂದರೆ ನಿನ್ನ ಲೆಕ್ಕದಲ್ಲಿ ಅದು ತಪ್ಪೇ ಇರಬೇಕು. ನಾನು ಮಾತ್ರ ಒಪ್ಪುವುದಿಲ್ಲ. ಆ ಅನ್ನ ತಿಂದು ನಾನು ಬದುಕಿದೆ. ನನಗೆ ಉಣಿಸಿದ ಕೈಯನ್ನು ಕಳ್ಳರ ಕೈ ಅಂತ ಹೇಗೆ ಅನ್ನಲಿ?

ಮದುವೆಯ ಮಾರನೇ ದಿನ ಮಂಟಪ ಖಾಲಿ ಮಾಡಲು ಹೋದಾಗ ಮುಂಬಾಗಿಲಲ್ಲಿ ಎರಡು ಜೊತೆ ಚಪ್ಪಲಿ ಉಳಿದಿದ್ದವು. ಒಂದು ದೊಡ್ಡದು, ಒಂದು ಚಿಕ್ಕದು. ಅವರನ್ನು ಹಿಂಬಾಗಿಲಿಂದ ಕಳಿಸಿದ್ದರಲ್ಲ, ಮುಂದೆ ಬಂದು ತೆಗೆದುಕೊಳ್ಳುವ ಧೈರ್ಯ ಆಗಿರುವುದಿಲ್ಲ. ಆ ಮಗು ಬರಿಗಾಲಲ್ಲಿ ಮನೆಗೆ ಹೋಗಿದೆ. ನಾನು ಅವನ್ನು ಬಟ್ಟೆ ಚೀಲದಲ್ಲಿ ಹಾಕಿಕೊಂಡು ಬಂದೆ. ಮೂರು ದಿನ ಚೀಲ ಹಿಡಿದು ವಿಜಯನಗರದ ಬೀದಿಗಳಲ್ಲಿ ಅಲೆದೆ, ಹುಚ್ಚಿಯ ಹಾಗೆ. ದೊಡ್ಡ ಚಪ್ಪಲಿಯ ಪಟ್ಟಿಗೆ ನೀಲಿ ದಾರದ ಹೊಲಿಗೆ ಇತ್ತು. ಕೊನೆಗೆ ಮೆಟ್ರೋ ಸ್ಟೇಷನ್ ಕೆಳಗೆ ಕೂರುವ ಚಪ್ಪಲಿ ರಿಪೇರಿ ಯಲ್ಲಪ್ಪನಿಗೆ ತೋರಿಸಿದೆ. "ಇದು ನಂದೇ ಕೆಲ್ಸ ಅಮ್ಮ, ಕಪ್ಪು ದಾರ ಮುಗ್ದೋಗಿತ್ತು" ಅಂದ. ಬಿನ್ನಿಪೇಟೆಯಿಂದ ಬರುತ್ತಾಳಂತೆ, ಬಟ್ಟೆ ಹೊಲಿಯುವ ಕಾರ್ಖಾನೆಗೆ ಹೋಗುತ್ತಿದ್ದವಳು, ಎರಡು ತಿಂಗಳಿಂದ ಅದು ಮುಚ್ಚಿದೆಯಂತೆ. ನೀರಿನ ಟ್ಯಾಂಕಿನ ಹಿಂದಿನ ಸಾಲು ಮನೆ, ಹಸಿರು ಬಾಗಿಲು. ನಾನು ಎರಡು ಸಲ ಆ ಬೀದಿಯ ತುದಿವರೆಗೆ ಹೋಗಿ ವಾಪಸ್ ಬಂದೆ.

ಮೊನ್ನೆ ಮೇಧಾ ಮದುವೆಯ ಫೋಟೋ ತೋರಿಸಲು ಬಂದಿದ್ದಳು. ಒಂದರಲ್ಲಿ ಅವರಿಬ್ಬರೂ ಇದ್ದಾರೆ. ಆ ಹೆಂಗಸು ಅಕ್ಷತೆ ಹಾಕುತ್ತಿದ್ದಾಳೆ, ಮಗು ಅಮ್ಮನನ್ನು ನೋಡಿ ತಾನೂ ಕೈ ಎತ್ತಿದೆ. "ದೊಡ್ಡಮ್ಮಾ, ಇವ್ರು ಯಾರು? ನನ್ ಕೈ ಹಿಡ್ಕೊಂಡು ಚೆನ್ನಾಗಿ ಬಾಳಮ್ಮಾ ಅಂದ್ರು" ಅಂದಳು. ನನಗೆ ಅಳು ತಡೆಯಲಾಗಲಿಲ್ಲ. ಅಡುಗೆಮನೆಗೆ ಹೋಗಿ, ಕಣ್ಣಿಗೆ ಹೊಗೆ ಹೋಯಿತು ಅಂತ ಸುಳ್ಳು ಹೇಳಿದೆ. ಗ್ಯಾಸ್ ಒಲೆಗೆ ಹೊಗೆ ಎಲ್ಲಿಂದ ಬರಬೇಕು.

ಕೈ ನೋಯುತ್ತಿದೆ, ಇಲ್ಲಿಗೆ ನಿಲ್ಲಿಸುತ್ತೇನೆ. ಚನ್ನನಿಗೂ ಅವನ ಹೆಂಡತಿಗೂ ಕೇಳಿದೆ ಅಂತ ಹೇಳು. ಎಣ್ಣೆ ಹಚ್ಚಿಕೋ. ನಿನ್ನ ಆಶೀರ್ವಾದ ನನ್ನ ಮೇಲಿರಲಿ, ಈಗ ಅದು ಯಾವತ್ತಿಗಿಂತ ಹೆಚ್ಚು ಬೇಕು.

ನಿನ್ನ ಮಗಳು,
ಸೌಮ್ಯಶ್ರೀ

ಮರೆತ ಮಾತು: ಮರೆತದ್ದಲ್ಲ, ಬರೆಯಲು ಆಗಲಿಲ್ಲ. ಪೋಸ್ಟಿಗೆ ಹಾಕಲು ಹೋಗಿ ಅರ್ಧ ದಾರಿಯಿಂದ ವಾಪಸ್ ಬಂದು, ಕವರ್ ಬಿಡಿಸಿ ಬರೆಯುತ್ತಿದ್ದೇನೆ. ನಮ್ಮ ಕಡೆಯ ಒಬ್ಬ ಹೆಂಗಸು ಅಂದೆನಲ್ಲ, ಶೈಲಾರನ್ನು ಕೂಗಿ ಕರೆದವಳು, ಅದು ನಾನೇ ಅಮ್ಮಾ. ತಿಳಿಯದೆ ಕೂಗಲಿಲ್ಲ. "ನೀವು ಹುಡುಗಿ ಕಡೆಯವ್ರಾ" ಅಂತ ಅವಳು ಕೇಳಿದ ಕೂಡಲೇ ನನಗೆ ಎಲ್ಲ ಗೊತ್ತಾಯಿತು. ಗೊತ್ತಾದದ್ದು ನನ್ನ ಮುಖದಲ್ಲಿ ಕಂಡುಬಿಡುತ್ತದೆ, ಇವಳಿಗೆ ಹೇಗೆ ಗೊತ್ತು ಅಂತ ಯಾರಾದರೂ ಕೇಳಿಬಿಡುತ್ತಾರೆ ಅಂತ ಹೆದರಿ ಕೂಗಿದೆ. ಆ ಅಜ್ಜಿ ನಿಂತ ಜಾಗದಲ್ಲೇ ನಿಂತಿದ್ದೆ, ನಮ್ಮವರೇ ಅಂತ ಒಂದು ಮಾತು ಬಾಯಿಗೆ ಬರಲಿಲ್ಲ. ಮುಂದಿನ ವಾರದ ಭಾನುವಾರ ಆ ಹಸಿರು ಬಾಗಿಲು ತಟ್ಟಬೇಕು, ಒಬ್ಬಳಿಗೇ ಆಗುವುದಿಲ್ಲ. ಅವರು ಬಂದರೆ ಮನೆಯಲ್ಲಿ ನಾಲ್ಕು ಎಲೆ ಹಾಕುತ್ತೇನೆ, ಅವರಿಬ್ಬರಿಗೆ, ನನಗೆ, ನಿನಗೆ. ಆ ವಾರದ ಶನಿವಾರದ ರೈಲಿಗೆ ಕೂರಿಸು ಅಂತ ಚನ್ನನಿಗೆ ಹೇಳಿದ್ದೇನೆ, ಮಂಡಿ ನೋವು ಅನ್ನಬೇಡ. ಅಂಚು ಸವೆದ ಆ ನೇರಳೆ ಸೀರೆ ಇನ್ನೂ ಇದ್ದರೆ ಉಟ್ಟುಕೊಂಡು ಬಾ. ಅದನ್ನು ನೋಡಿದರೆ, ನಾನು ಬಾಯಿ ಬಿಟ್ಟು ಹೇಳದಿದ್ದರೂ, ಆ ಹೆಂಗಸಿಗೆ ನಾವು ಯಾರು ಅಂತ ಗೊತ್ತಾಗುತ್ತದೆ.